ಬಿಟ್ಟದ್ದು ಬೇರೆ, ಬಿಡಿಸಿದ್ದು ಬೇರೆ

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವ ಮೊದಲೇ ವಿಜ್ಞಾನದ ಮೇಡಂ ಕೇಳಿದರು: "ಭೂತಾನ್‌ಗೆ ಹೋಗಿದ್ದಿರಂತಲ್ಲ, ಆ ಹುಲಿಗೂಡಿನ ಬೆಟ್ಟ ಹತ್ತಿದಿರಾ?" ಇಲ್ಲ ಅಂದೆ. "ಅಯ್ಯೋ, ಅದನ್ನೇ ನೋಡದೆ ಬಂದಿರಾ!" ಅಂದರು. ನಾನು ನಕ್ಕು ಸುಮ್ಮನಾದೆ. ಅಲ್ಲಿ ಸುಮ್ಮನಿದ್ದದ್ದು ಒಂದು ತಪ್ಪು, ಇಲ್ಲಿ ಸುಮ್ಮನಾದದ್ದು ಇನ್ನೊಂದು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಭೂತಾನ್ ಪುಟ್ಟ ದೇಶ. ವಿಸ್ತೀರ್ಣ ಸುಮಾರು 38 ಸಾವಿರ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಐದರಲ್ಲಿ ಒಂದು ಪಾಲು. ಜನ ಎಂಟು ಲಕ್ಷವೂ ಇಲ್ಲ. ನಮಗೆ ಪಾಸ್‌ಪೋರ್ಟೂ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಸಾಕು. "ಏಳು ದಿನದಲ್ಲಿ ಇಡೀ ದೇಶ ತೋರಿಸುತ್ತೇವೆ" ಎಂದು ಪ್ರವಾಸದವರು ಹೇಳಿದಾಗ ನಂಬಿದೆವು. ಕಂಡದ್ದು ಪಾರೋ, ಥಿಂಪು, ಪುನಾಖಾ, ಈ ಮೂರೇ ಕಣಿವೆ. ಮೂರೂ ದೇಶದ ಪಶ್ಚಿಮ ಭಾಗದವು. ಹಳೆಯ ಗುಡಿಗಳ ಬುಮ್‌ಥಾಂಗ್ ಕಾಣಲಿಲ್ಲ. ಪೂರ್ವದ ಲುಂಟ್ಸೆಯಲ್ಲಿ ಖೋಮಾ ಎಂಬ ಹಳ್ಳಿಯಿದೆ. ಅಲ್ಲಿಯ ಹೆಂಗಸರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೂತು ರೇಷ್ಮೆಯ ಕಿರಾ ನೇಯುತ್ತಾರೆ. ಸೀರೆಯ ಆಸೆಯಿರುವ ನನಗೆ ಅದು ಕನಸಾಗಿಯೇ ಉಳಿಯಿತು.

ಇವಕ್ಕೆಲ್ಲ ನನಗೆ ದುಃಖವಿಲ್ಲ. ಬೆಟ್ಟದ ರಸ್ತೆ, ದಿನಗಳು ಸಾಲಲಿಲ್ಲ. ಫೋಬ್ಜಿಖಾ ಕಣಿವೆಗೆ ಕಪ್ಪು ಕತ್ತಿನ ಕೊಕ್ಕರೆಗಳು ಟಿಬೆಟ್ಟಿನಿಂದ ಚಳಿಗಾಲಕ್ಕೆ ಬರುತ್ತವೆ. ಮೇ ತಿಂಗಳಲ್ಲಿ ಹೋದ ನಮಗೆ ಅವು ಎಲ್ಲಿಂದ ಸಿಗಬೇಕು? ಅದು ನಾವೇ ತಿಳಿದು ಬಿಟ್ಟದ್ದು.

ಹುಲಿಗೂಡಿನ ಕಥೆ ಬೇರೆ. ಪಾರೋ ಕಣಿವೆಯ ಮೇಲೆ ಸುಮಾರು 900 ಮೀಟರ್ ಎತ್ತರದಲ್ಲಿ, ಕಡಿದಾದ ಬಂಡೆಗೆ ಅಂಟಿಸಿದ ಹಾಗೆ ನಿಂತಿರುವ ಗುಡಿ ಅದು, ತಕ್‌ತ್ಸಾಂಗ್. 1692ರಲ್ಲಿ ಕಟ್ಟಿದ್ದು, 1998ರಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಎದ್ದದ್ದು. ಬೆಳಿಗ್ಗೆ ವ್ಯಾನು ಬೆಟ್ಟದ ಬುಡದಲ್ಲಿ ನಿಂತಿತು. ಮ್ಯಾನೇಜರ್ ಹುಡುಗ ಬಾಗಿಲಿಗೆ ಅಡ್ಡ ನಿಂತು ಹೇಳಿದ: "ಗಂಡಸರು, ಹುಡುಗರು ಇಳಿಯಿರಿ. ಆಂಟಿಯರೆಲ್ಲ ಕೂತಿರಿ, ನಿಮಗೆ ಇವತ್ತು ಶಾಪಿಂಗ್ ಇಟ್ಟಿದ್ದೇನೆ."

ನಾವು ಒಂಬತ್ತು ಜನ ಹೆಂಗಸರು. ಒಬ್ಬರೂ ಬಾಯಿ ತೆರೆಯಲಿಲ್ಲ. ನನ್ನ ಯಜಮಾನರಿಗೆ ಅರವತ್ತೊಂದು, ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಮಾತ್ರೆ. ಅವರನ್ನು "ಅಂಕಲ್, ನಿಮ್ಮಿಂದ ಆಗುತ್ತಾ?" ಎಂದು ಯಾರೂ ಕೇಳಲಿಲ್ಲ. ದಿನಕ್ಕೆ ಐದು ಪೀರಿಯಡ್ ನಿಂತೇ ಪಾಠ ಮಾಡುವ, ಎರಡನೇ ಮಹಡಿ ಹತ್ತಿ ಇಳಿಯುವ ನನ್ನನ್ನೂ ಕೇಳಲಿಲ್ಲ. ಅವರು ಅರ್ಧ ದಾರಿ ಕುದುರೆಯ ಮೇಲೆ ಹೋಗಿ, ಉಳಿದದ್ದು ನಡೆದು, ಸಂಜೆ ಮುಖ ಕೆಂಪಾಗಿಸಿಕೊಂಡು ಬಂದರು. "ಜನ್ಮ ಸಾರ್ಥಕ ಆಯಿತು ಕಣೇ" ಅಂದರು. ನಾನು ಅಷ್ಟರಲ್ಲಿ ಯಾರಿಗೂ ಬೇಡದ ನಾಲ್ಕು ಪರ್ಸು ಕೊಂಡಿದ್ದೆ.

ಆ ಗುಡಿಯ ಕಥೆ ನೋಡಿ. ಗುರು ಪದ್ಮಸಂಭವ ಹೆಣ್ಣು ಹುಲಿಯ ಬೆನ್ನೇರಿ ಟಿಬೆಟ್ಟಿನಿಂದ ಅಲ್ಲಿಗೆ ಹಾರಿ ಬಂದನಂತೆ. ಒಂದು ಕಥೆಯ ಪ್ರಕಾರ ಆ ಹುಲಿ ಅವನ ಶಿಷ್ಯೆ ಯೇಶೆ ತ್ಸೋಗ್ಯಾಲ್. ನಮ್ಮ ಬೈಲುಕುಪ್ಪೆಯ ಚಿನ್ನದ ಗುಡಿಯಲ್ಲಿರುವ ಮೂರು ದೊಡ್ಡ ಮೂರ್ತಿಗಳಲ್ಲಿ ಒಂದು ಇದೇ ಪದ್ಮಸಂಭವನದು. ಶಾಲಾ ಪ್ರವಾಸದಲ್ಲಿ ಎಷ್ಟೋ ಸಲ ಮಕ್ಕಳಿಗೆ ತೋರಿಸಿದ್ದೇನೆ. ಗುರುವನ್ನು ಬೆನ್ನ ಮೇಲೆ ಹೊತ್ತು ಆ ಬಂಡೆಗೆ ಮುಟ್ಟಿಸಿದವಳು ಹೆಂಗಸು. ಅದೇ ಬೆಟ್ಟದ ಬುಡದಲ್ಲಿ ಹೆಂಗಸರಿಗೆ ಶಾಪಿಂಗ್!

"ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು, ದಾರಿಯಲ್ಲಿ ಏನಾದರೂ ಆಗಿದ್ದರೆ?" ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಅರ್ಥವಿಲ್ಲವೆನ್ನಲಾರೆ. ಗುಡಿ ಸಮುದ್ರ ಮಟ್ಟದಿಂದ 3,000 ಮೀಟರಿಗೂ ಎತ್ತರದಲ್ಲಿದೆ, ಉಸಿರು ಕಟ್ಟುತ್ತದೆ. ಕುದುರೆ ಅರ್ಧ ದಾರಿಗೆ ಮಾತ್ರ, ಇಳಿಯುವಾಗ ಅದೂ ಇಲ್ಲ. ಎದೆನೋವಿದ್ದವರು, ಮಂಡಿ ಸವೆದವರು ಹತ್ತಬಾರದು ಸರಿ. ಆದರೆ ಆ ಮಾತು ಗಂಡಸರ ಎದೆಗೂ ಮಂಡಿಗೂ ಸಲ್ಲಬೇಕಲ್ಲವೆ? ಅರ್ಧ ದಾರಿಯಲ್ಲಿ ಚಹಾ ಸಿಗುವ ಜಾಗವಿದೆ, ಗುಡಿ ಅಲ್ಲಿಂದ ಎದುರಿಗೇ ಕಾಣುತ್ತದೆ. ಅಷ್ಟಾದರೂ ಹೋಗಿ ಕೂರುತ್ತೀರಾ ಎಂದು ಕೇಳಬಹುದಿತ್ತು. ಭಾರತದವರು ಆ ದೇಶಕ್ಕೆ ರಾತ್ರಿಗೆ 1,200 ರೂಪಾಯಿ ಶುಲ್ಕ ಕಟ್ಟುತ್ತೇವೆ. ಅದರಲ್ಲಿ ಹೆಂಗಸರಿಗೆ ರಿಯಾಯಿತಿ ಏನಿಲ್ಲ.

ಭೂತಾನಿನಲ್ಲೇ ಇನ್ನೊಂದು ಶಿಖರವಿದೆ, ಗಂಗ್ಖರ್ ಪುಯೆನ್ಸುಮ್, 7,570 ಮೀಟರ್. ಜಗತ್ತಿನಲ್ಲಿ ಇನ್ನೂ ಯಾರೂ ಹತ್ತದ ಶಿಖರಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು. ಬೆಟ್ಟಗಳು ದೇವತೆಗಳ ನೆಲೆ ಎಂದು ನಂಬುವ ಆ ಜನ 1994ರಲ್ಲಿ 6,000 ಮೀಟರಿಗೆ ಮೇಲ್ಪಟ್ಟ ಶಿಖರಗಳನ್ನು ಹತ್ತುವುದನ್ನು ನಿಲ್ಲಿಸಿದರು. 2003ರಲ್ಲಿ ಪರ್ವತಾರೋಹಣವನ್ನೇ ಪೂರ್ತಿ ನಿಷೇಧಿಸಿದರು. ಅದು ತಾವಾಗಿ ಬಿಟ್ಟದ್ದು, ಹಾಗೆ ಬಿಡುವುದರಲ್ಲಿ ಒಂದು ಗೌರವವಿದೆ. ನಮ್ಮದು ಹಾಗಲ್ಲ. ನಮ್ಮ ಪರವಾಗಿ ಇನ್ಯಾರೋ ಬಿಡುತ್ತಾರೆ, ನಾವು "ಮುಂದಿನ ಸಲ ನೋಡಿದರಾಯಿತು" ಎಂದು ತಲೆಯಾಡಿಸುತ್ತೇವೆ. ನಮ್ಮಮ್ಮನಿಗೂ ಕಾಶಿಯನ್ನು ಹೀಗೇ ಮುಂದಿನ ಸಲಕ್ಕೆ ಹಾಕಿದ್ದೆವು. ಅಮ್ಮ ಹೋದಳು, ಕಾಶಿ ಉಳಿಯಿತು.

ಆ ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನ ಮನೆಯಲ್ಲಿ ಅವನು ಕಂಡದ್ದೂ ಇದೇ ಇರಬೇಕು. ಸಿಟ್ಟಿರುವುದು ಸೀಟಿನಿಂದ ಏಳದೆ ಕೂತ ಆ ಒಂಬತ್ತು ಜನರ ಮೇಲೆ, ಅದರಲ್ಲೂ ನನ್ನ ಮೇಲೆ. ತರಗತಿಯಲ್ಲಿ ಹೆಣ್ಣುಮಕ್ಕಳಿಗೆ "ಎದ್ದು ನಿಂತು ಕೇಳಿ" ಎಂದು ಮೂವತ್ತು ವರ್ಷ ಹೇಳಿದವಳು ನಾನು.

ನೀವು ಪ್ರವಾಸಕ್ಕೆ ಹಣ ಕಟ್ಟುವ ಮೊದಲು ಪಟ್ಟಿಯನ್ನು ನೀವೇ ಓದಿ, ಗಂಡನೋ ಮಗನೋ ಓದಿ ಹೇಳಿದ್ದು ಸಾಲದು. ನಡೆಯುವ ಜಾಗ ಯಾವುದು, ಹತ್ತುವುದು ಎಷ್ಟು ಎಂದು ಕೇಳಿ. ಬೇಕಿದ್ದರೆ ಡಾಕ್ಟರಿಗೆ ತೋರಿಸಿಕೊಳ್ಳಿ. ಆಮೇಲೆ ಹತ್ತುವುದೋ ಬಿಡುವುದೋ ನೀವೇ ಹೇಳಿ. ಕೊಂಡು ತಂದ ನಾಲ್ಕು ಪರ್ಸುಗಳಲ್ಲಿ ಮೂರನ್ನು ಹಂಚಿದ್ದೇನೆ. ಒಂದನ್ನು ಇಟ್ಟುಕೊಂಡಿದ್ದೇನೆ. ತಿಂಗಳಿಗೊಂದಿಷ್ಟು ಅದರಲ್ಲಿ ಹಾಕುತ್ತಿದ್ದೇನೆ. ಆ ಬೆಟ್ಟಕ್ಕೆ ನಾನಿನ್ನೂ "ಮುಂದಿನ ಸಲ" ಎಂದು ಹೇಳಿಲ್ಲ, ಬರುತ್ತೇನೆ ಎಂದಿದ್ದೇನೆ.