ಮೈಲೇಜಿಗೆ ಅಳತೆಯಿದೆ, ಮೆಗಾಪಿಕ್ಸೆಲ್ಲಿಗೆ ಯಾಕಿಲ್ಲ?

ಕೋಥರೂಡಿನ ಪಕ್ಕದ ವೇತಾಳ ಗುಡ್ಡದ ಒಂದು ಮಗ್ಗುಲನ್ನು ಪುಣೆಯವರು ಏಆರ್‌ಎಐ ಟೇಕಡಿ ಎಂದೇ ಕರೆಯುತ್ತಾರೆ. ಬೆಳಗ್ಗೆ ವಾಕಿಂಗ್ ಹೋಗುವವರಿಗೆ ಅದು ನವಿಲು ನೋಡುವ ಜಾಗ. ಹೆಸರು ಬಂದದ್ದು ಮಾತ್ರ ಅಲ್ಲಿರುವ ಆಟೋಮೋಟಿವ್ ರಿಸರ್ಚ್ ಅಸೋಸಿಯೇಶನ್ ಆಫ್ ಇಂಡಿಯಾದಿಂದ. 1966ರಲ್ಲಿ ಶುರುವಾದ ಸಂಸ್ಥೆ. ಬೈಕಿನ ಜಾಹೀರಾತಿನಲ್ಲಿ ಮೈಲೇಜಿನ ಅಂಕಿಯ ಪಕ್ಕ ಪುಟ್ಟದಾಗಿ ‘ಏಆರ್‌ಎಐ ಪ್ರಮಾಣಿತ’ ಎಂದು ಬರೆದಿರುತ್ತದಲ್ಲ, ಅದು ಈ ಗುಡ್ಡದ ಸಂಸ್ಥೆಯೇ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಇಷ್ಟು ಸೆಕೆಂಡು ಈ ವೇಗ, ಇಷ್ಟು ಸೆಕೆಂಡು ನಿಲುಗಡೆ ಎಂದು ಗೊತ್ತುಪಡಿಸಿದ ಕ್ರಮದಲ್ಲಿ ಓಡಿಸಿ, ಕುಡಿದ ಇಂಧನವನ್ನು ಲೆಕ್ಕ ಹಾಕುತ್ತಾರೆ. ಆ ಮೈಲೇಜು ಕರ್ವೆ ರಸ್ತೆಯ ಟ್ರಾಫಿಕ್ಕಿನಲ್ಲಿ ಯಾರಿಗೂ ಸಿಗುವುದಿಲ್ಲ, ನಿಜ. ಆದರೆ ಎಲ್ಲ ಗಾಡಿಗಳಿಗೂ ಒಂದೇ ಕೋಲಿನ ಅಳತೆ. ಐವತ್ತು ಎಂದದ್ದು ನಲವತ್ತು ಕೊಟ್ಟರೆ, ಅರವತ್ತು ಎಂದದ್ದು ಹೆಚ್ಚುಕಡಿಮೆ ಐವತ್ತು ಕೊಟ್ಟೀತು ಎಂದು ಕೊಳ್ಳುವವನು ಅಂದಾಜು ಕಟ್ಟಬಹುದು.

ಅದೇ ಗುಡ್ಡ ಇಳಿದು ಪೌಡ್ ರಸ್ತೆಗೆ ಬನ್ನಿ. ಮೊಬೈಲ್ ಅಂಗಡಿಗಳ ಬೋರ್ಡುಗಳಲ್ಲಿ 50, 64, 108, 200 ಎಂದು ಮನೆಯ ಬಾಗಿಲಿನಷ್ಟು ದೊಡ್ಡ ಅಂಕಿಗಳು. ಇವನ್ನು ಯಾರು ಅಳೆದರು? ಯಾರೂ ಇಲ್ಲ. ಹಾಗಂತ ಇವು ಸುಳ್ಳೂ ಅಲ್ಲ, ಅದೇ ತಂಟೆ. ಸೆನ್ಸರಿನ ಮೇಲೆ ಅಷ್ಟು ಚುಕ್ಕೆಗಳಿರುವುದು ಖರೆ. ಆದರೆ ಅದು ಇಂಜಿನ್ನಿನ ಸಿಸಿ ಇದ್ದಂತೆ, ಮೈಲೇಜಲ್ಲ. ಯಂತ್ರದೊಳಗೆ ಏನು ಹಾಕಿದ್ದೇವೆಂದು ಹೇಳುತ್ತದೆಯೇ ಹೊರತು ಅದರಿಂದ ಏನು ಹೊರಬರುತ್ತದೆಂದು ಹೇಳುವುದಿಲ್ಲ. ಹೊರಬರುವುದನ್ನು ಅಳೆದು ಡಬ್ಬಿಯ ಮೇಲೆ ಬರೆಯಿರಿ ಎಂದು ಫೋನ್ ಕಂಪನಿಗಳಿಗೆ ಕಾನೂನು ಹೇಳಬೇಕು ಎಂಬುದು ನನ್ನ ವಾದ.

200 ಮೆಗಾಪಿಕ್ಸೆಲ್ ಎಂದರೇನು ನೋಡೋಣ. 2023ರ ಸ್ಯಾಮ್‌ಸಂಗ್ ಎಸ್23 ಅಲ್ಟ್ರಾದ ಮುಖ್ಯ ಸೆನ್ಸರನ್ನೇ ತೆಗೆದುಕೊಳ್ಳಿ. ಅದರಲ್ಲಿ 20 ಕೋಟಿ ಪಿಕ್ಸೆಲ್‌ಗಳಿವೆ, ಒಂದೊಂದರ ಅಗಲ 0.6 ಮೈಕ್ರಾನ್. ಬಣ್ಣ ಗುರುತಿಸಲು ಪ್ರತಿ ಪಿಕ್ಸೆಲಿನ ಮೇಲೂ ಕೆಂಪು, ಹಸಿರು ಅಥವಾ ನೀಲಿ ಗಾಜಿನಂಥ ಒಂದು ಪದರ ಬೇಕು. ಈ ಸೆನ್ಸರಿನಲ್ಲಿ ನಾಲ್ಕು ಸಾಲು, ನಾಲ್ಕು ಕಂಬ, ಒಟ್ಟು ಹದಿನಾರು ಪಿಕ್ಸೆಲ್‌ಗಳ ಮೇಲೆ ಒಂದೇ ಬಣ್ಣ. ಹಾಗಾಗಿ ನಾವು ಸುಮ್ಮನೆ ಬಟನ್ ಒತ್ತಿದಾಗ ಫೋನು ಆ ಹದಿನಾರನ್ನೂ ಕೂಡಿಸಿ ಒಂದು ಮಾಡುತ್ತದೆ. ಕೈಗೆ ಬರುವುದು ಸುಮಾರು 12 ಮೆಗಾಪಿಕ್ಸೆಲ್ಲಿನ ಚಿತ್ರ. ಕೂಡಿಸುವುದು ತಪ್ಪಲ್ಲ, ಕತ್ತಲಲ್ಲಿ ಅದರಿಂದ ಲಾಭವೇ ಇದೆ. ಬೋರ್ಡಿನ ಮೇಲೆ 200 ಬರೆದು ಜೇಬಿಗೆ 12 ಕೊಡುವುದು ತಪ್ಪು.

ಸೆಟ್ಟಿಂಗಿನಲ್ಲಿ 200 ಆರಿಸಿಕೊಳ್ಳಬಹುದಲ್ಲ ಎನ್ನುತ್ತೀರಿ. ಆರಿಸಿ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ, ಕೈ ಅಲ್ಲಾಡದಿದ್ದರೆ, ಸ್ವಲ್ಪ ಹೆಚ್ಚಿನ ವಿವರ ಸಿಗುತ್ತದೆ. ಹದಿನಾರು ಪಟ್ಟು ಸಿಗುವುದಿಲ್ಲ, ಸಿಗಲು ಬೆಳಕಿನ ನಿಯಮವೇ ಬಿಡುವುದಿಲ್ಲ. ಎಫ್ 1.7ರ ಲೆನ್ಸು ಎಷ್ಟೇ ದೋಷರಹಿತವಾಗಿರಲಿ, ಹಸಿರು ಬೆಳಕಿನ ಒಂದು ಬಿಂದು ಸೆನ್ಸರಿನ ಮೇಲೆ ಬೀಳುವಾಗ ಸುಮಾರು 2.3 ಮೈಕ್ರಾನ್ ಅಗಲಕ್ಕೆ ಹರಡಿಯೇ ಬೀಳುತ್ತದೆ. ಪಿಕ್ಸೆಲಿನ ಅಗಲ 0.6 ಆದರೆ ಒಂದು ಬಿಂದು ಉದ್ದಕ್ಕೆ ಮೂರು ನಾಲ್ಕು ಪಿಕ್ಸೆಲ್‌ಗಳನ್ನು ಆಕ್ರಮಿಸಿಕೊಂಡಂತಾಯಿತು. ಎಳೆ ದಪ್ಪಗಿರುವಾಗ ಜರಡಿಯ ಕಣ್ಣನ್ನು ಎಷ್ಟು ಸಣ್ಣದು ಮಾಡಿದರೇನು?

ಇಷ್ಟು ವಿವರ ನಮಗೆ ಬೇಕೇ ಎಂಬುದು ಇನ್ನೊಂದು ಮಾತು. ಮನೆಯ ಫುಲ್ ಎಚ್‌ಡಿ ಟೀವಿಯಲ್ಲಿರುವುದು 20 ಲಕ್ಷ ಚುಕ್ಕೆಗಳು, ಅಂದರೆ 2 ಮೆಗಾಪಿಕ್ಸೆಲ್. 4ಕೆ ಟೀವಿಯಲ್ಲೂ 83 ಲಕ್ಷ ಅಷ್ಟೆ. ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ 2018ರ ಪಿಕ್ಸೆಲ್ 3ರಿಂದ 2020ರ ಪಿಕ್ಸೆಲ್ 5ರವರೆಗೆ ಸೋನಿಯ ಒಂದೇ 12 ಮೆಗಾಪಿಕ್ಸೆಲ್ ಸೆನ್ಸರನ್ನು ಇಟ್ಟುಕೊಂಡಿತ್ತು. ಆ ಫೋನುಗಳ ಫೋಟೊ ಚೆನ್ನಾಗಿಲ್ಲವೆಂದು ಯಾರೂ ಗೊಣಗಲಿಲ್ಲ. ಐಫೋನು ಕೂಡ 2015ರ 6ಎಸ್‌ನಿಂದ 2021ರ 13ರವರೆಗೆ 12ರಲ್ಲೇ ಇತ್ತು. ಅಂಕಿಯ ಓಟಕ್ಕೆ ನಿಜವಾಗಿ ಸಿಕ್ಕಿಬಿದ್ದವರು ಹತ್ತು ಹದಿನೈದು ಸಾವಿರದ ಫೋನು ಕೊಳ್ಳುವವರು. 2023ರ ಜುಲೈಯಲ್ಲಿ ರಿಯಲ್‌ಮಿ ಸಿ53 ಹತ್ತು ಸಾವಿರದ ಒಳಗೇ 108 ಮೆಗಾಪಿಕ್ಸೆಲ್ ತಂದಿತು. ಲಕ್ಷ ರೂಪಾಯಿಯ ಫೋನಿನಲ್ಲಿರುವ 108ಕ್ಕೂ ಇದಕ್ಕೂ ವ್ಯತ್ಯಾಸವೇನು? ಸೆನ್ಸರಿನ ಗಾತ್ರ, ಲೆನ್ಸಿನ ಗುಣ, ಕೈನಡುಕ ತಡೆಯುವ ವ್ಯವಸ್ಥೆ, ಒಳಗಿನ ಪ್ರೊಸೆಸರ್, ಎಲ್ಲವೂ. ಇವು ಯಾವುವೂ ಬೋರ್ಡಿನ ಮೇಲಿರುವುದಿಲ್ಲ. ಇಎಂಐ ಕಟ್ಟಿ ಫೋನು ಕೊಳ್ಳುವವನಿಗೆ ಕಾಣುವುದು 108 ಮಾತ್ರ, ಮತ್ತು ಹಿಂಬದಿಯಲ್ಲಿ ಸಾಲಾಗಿ ಕೂತ ಮೂರು ನಾಲ್ಕು ಕಣ್ಣುಗಳು. ಅಗ್ಗದ ಫೋನುಗಳಲ್ಲಿ ಆ ಕಣ್ಣುಗಳಲ್ಲಿ ಎರಡು ಎಷ್ಟೋ ವರ್ಷ 2 ಮೆಗಾಪಿಕ್ಸೆಲ್ಲಿನ ‘ಮ್ಯಾಕ್ರೊ’ ಮತ್ತು ‘ಡೆಪ್ತ್’ ಆಗಿದ್ದವು. ದೃಷ್ಟಿಬೊಟ್ಟಿನಷ್ಟೇ ಉಪಯೋಗ.

ಗಾತ್ರ ಹೇಳುವಾಗಲೂ ಕಣ್ಕಟ್ಟು. ‘ಒಂದು ಇಂಚಿನ ಸೆನ್ಸರ್’ ಎಂದರೆ ಅದರ ಯಾವ ಬದಿಯೂ ಒಂದು ಇಂಚಲ್ಲ, ಕರ್ಣವೂ ಅಲ್ಲ. ಅಳೆದರೆ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ, ಕರ್ಣ ಸುಮಾರು 16 ಮಿ.ಮೀ. ಹಳೆಯ ಟೀವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಗಲದಿಂದ ಬಂದ ಲೆಕ್ಕವಿದು. ಕೊಳವೆ ಹೋಗಿ ಎಷ್ಟೋ ಕಾಲವಾಯಿತು, ಅದರ ಇಂಚು ಮಾತ್ರ ಉಳಿದಿದೆ. ಬಟ್ಟೆ ಅಂಗಡಿಯವನು ಹದಿನಾರನ್ನು ತೋರಿಸಿ ಇಪ್ಪತ್ತೈದು ಎಂದಿದ್ದರೆ ಲಕ್ಷ್ಮೀ ರಸ್ತೆಯಲ್ಲಿ ಅವನ ಗತಿ ಏನಾಗುತ್ತಿತ್ತು?

ಪ್ರಾಮಾಣಿಕವಾಗಿ ಹೇಳಲು ಸಾಧ್ಯವೇ ಇಲ್ಲ ಎನ್ನುವಂತಿಲ್ಲ. 2012ರಲ್ಲಿ ನೋಕಿಯಾ 808 ಪ್ಯೂರ್‌ವ್ಯೂ ಬಂದಾಗ ಅದರ ಸೆನ್ಸರು 41 ಮೆಗಾಪಿಕ್ಸೆಲ್. ಆದರೆ ಏಳು ಪಿಕ್ಸೆಲ್ ಕೂಡಿಸಿ ಒಂದು ಮಾಡುತ್ತೇವೆ, ನಿಮಗೆ ಬೇಕಾದದ್ದು 5 ಮೆಗಾಪಿಕ್ಸೆಲ್ಲಿನ ಶುದ್ಧ ಚಿತ್ರ ಎಂದು ಕಂಪನಿ ತಾನೇ ಬಿಡಿಸಿ ಬರೆದು ಪ್ರಕಟಿಸಿತು. ತಮಾಷೆಯೆಂದರೆ ಅದೇ ವರ್ಷ, ಅದೇ ನೋಕಿಯಾ, ಲೂಮಿಯಾ 920ರ ಜಾಹೀರಾತಿನಲ್ಲಿ ಸಿಕ್ಕಿಬಿತ್ತು. ಸೈಕಲ್ ಓಡಿಸುವ ಹುಡುಗಿಯನ್ನು ಫೋನಿನಲ್ಲಿ ಚಿತ್ರಿಸಿದಂತೆ ತೋರಿಸಿದ್ದರು. ಹಿಂದಿನ ಗಾಜಿನಲ್ಲಿ ನೋಡಿದರೆ ಒಂದು ವ್ಯಾನು, ಅದರೊಳಗೆ ದೊಡ್ಡ ಕ್ಯಾಮೆರಾ ಹಿಡಿದ ಮನುಷ್ಯ! ನೋಕಿಯಾ ಕ್ಷಮೆ ಕೇಳಿತು. 2016ರಲ್ಲಿ ಹುವಾವೇ ತನ್ನ ಪಿ9 ಫೋನಿನ ಹೊಗಳಿಕೆಗೆ ಹಾಕಿದ ಫೋಟೊದೊಳಗಿನ ಮಾಹಿತಿ ಕ್ಯಾನನ್ 5ಡಿ ಮಾರ್ಕ್ 3 ಎಂದು ಬಾಯಿಬಿಟ್ಟಿತು. 2025ರಲ್ಲಿ ನಥಿಂಗ್ ಕಂಪನಿಯ ಫೋನ್ 3ರ ಪ್ರದರ್ಶನ ಫೋನುಗಳಲ್ಲಿ ಬೇರೆ ಕ್ಯಾಮೆರಾದ ಫೋಟೊಗಳಿದ್ದವು, ತಾತ್ಕಾಲಿಕವಾಗಿ ಹಾಕಿದ್ದನ್ನು ಬದಲಿಸಿರಲಿಲ್ಲವಂತೆ. ಹದಿಮೂರು ವರ್ಷದಲ್ಲಿ ಸಮಜಾಯಿಷಿ ಬದಲಾಗಿದೆ, ಚಾಳಿ ಬದಲಾಗಿಲ್ಲ.

ಆದರೂ ಇವೆಲ್ಲ ಹಳೇ ಶೈಲಿಯ ಮೋಸ. ಹೊಸದು ಇನ್ನೂ ಗಹನವಾದದ್ದು, ಅದು ಚಂದ್ರನ ಕಥೆ.

ಪುಣೆಯಿಂದ ಉತ್ತರಕ್ಕೆ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕವಿದೆ. ತಲಾ 45 ಮೀಟರ್ ಅಗಲದ 30 ಬೋಗುಣಿಗಳನ್ನು ಸುಮಾರು 25 ಕಿ.ಮೀ. ಉದ್ದಗಲಕ್ಕೆ ಹರಡಿದ್ದಾರೆ. ಅಷ್ಟು ದೂರ ಹರಡಲು ಕಾರಣ ಒಂದೇ: ಆಕಾಶದಲ್ಲಿ ಒತ್ತೊತ್ತಾಗಿರುವ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ದೂರದರ್ಶಕದ ಬಾಯಿ ಅಗಲವಿರಬೇಕು. ಇದಕ್ಕೆ ಒಳದಾರಿ ಇಲ್ಲ. ಇದೇ ನಿಯಮ ಫೋನಿಗೂ ಅನ್ವಯ. ಎಸ್23 ಅಲ್ಟ್ರಾದ 10 ಪಟ್ಟಿನ ಜೂಮ್ ಲೆನ್ಸಿನ ಬಾಯಿ ಸುಮಾರು ಅರ್ಧ ಸೆಂಟಿಮೀಟರ್. ಲೆಕ್ಕ ಹಾಕಿದರೆ, ಚಂದ್ರನ ಮೇಲೆ ಹೆಚ್ಚುಕಡಿಮೆ 50 ಕಿ.ಮೀ.ಗಿಂತ ಹತ್ತಿರವಿರುವ ಎರಡು ಗುರುತುಗಳನ್ನು ಅದು ಬಿಡಿಸಿ ನೋಡಲಾರದು. ಜಾಹೀರಾತು ಹೇಳುವುದು ‘100 ಪಟ್ಟು ಸ್ಪೇಸ್ ಜೂಮ್’.

2023ರ ಮಾರ್ಚಿನಲ್ಲಿ ಒಬ್ಬರು ಸರಳವಾದ ಪ್ರಯೋಗ ಮಾಡಿದರು. ಚಂದ್ರನ ಒಂದು ಚಿತ್ರವನ್ನು 170 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ, ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ಹಾಕಿ, ಕೋಣೆಯ ದೀಪ ಆರಿಸಿ, ದೂರದಿಂದ ಆ ಫೋನಿನಲ್ಲಿ ಫೋಟೊ ತೆಗೆದರು. ಪರದೆಯ ಮೇಲೆ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದವು. ಫೋನಿನೊಳಗಿನ ಕೃತಕ ಬುದ್ಧಿಮತ್ತೆ ಚಂದ್ರನನ್ನು ಗುರುತಿಸಿ ವಿವರಗಳನ್ನು ಹೆಚ್ಚಿಸುತ್ತದೆ, ಬೇಡವಾದರೆ ಅದನ್ನು ಆರಿಸಬಹುದು ಎಂದು ಸ್ಯಾಮ್‌ಸಂಗ್ ವಿವರಣೆ ಕೊಟ್ಟಿತು. ಹಲವು ಫ್ರೇಮುಗಳನ್ನು ಕೂಡಿಸಿ ಗದ್ದಲ ಕಳೆಯುವುದು ಬೇರೆ, ಅದು ಬಂದ ಬೆಳಕಿನ ಕೂಡುಲೆಕ್ಕ. ವಿಸರ್ಜನೆಯ ರಾತ್ರಿ ಅಲಕಾ ಟಾಕೀಸ್ ಚೌಕದಲ್ಲಿ ನಿಂತು ಇಂದಿನ ಫೋನಿನಲ್ಲಿ ಗಣಪತಿಯ ಫೋಟೊ ತೆಗೆಯಬಲ್ಲೆವು ಎಂದರೆ ಆ ಜಾಣ ಲೆಕ್ಕದಿಂದಲೇ, ಅದಕ್ಕೆ ನನ್ನ ನಮಸ್ಕಾರ. ಆದರೆ ಬಾರದ ಬೆಳಕನ್ನು ನೆನಪಿನಿಂದ ತುಂಬುವುದು ಲೆಕ್ಕವಲ್ಲ, ಊಹೆ.

ಚಂದ್ರನ ಕುಳಿ ಹೆಚ್ಚಾದರೆ ಯಾರ ಗಂಟು ಹೋಯಿತು ಎನ್ನುವಿರಾ? ಮಹಾರಾಷ್ಟ್ರದ ರೈತ 2021ರಿಂದ ‘ಇ-ಪೀಕ್ ಪಾಹಣಿ’ ಆ್ಯಪಿನಲ್ಲಿ ತನ್ನ ಬೆಳೆಯ ಫೋಟೊವನ್ನು ತಾನೇ ತೆಗೆದು ದಾಖಲಿಸುತ್ತಾನೆ. ನರೇಗಾ ಕೂಲಿಯವರ ಹಾಜರಿ 2023ರ ಜನವರಿಯಿಂದ ಫೋಟೊದ ಮೇಲೆ ನಿಂತಿದೆ. ಅಪಘಾತವಾದ ಗಾಡಿ, ಚರ್ಮದ ಮೇಲಿನ ಕಲೆ, ಬಾಡಿಗೆ ಕರಾರಿನ ಪುಟ, ಎಲ್ಲವೂ ಈಗ ಫೋನಿನ ಕಣ್ಣಿನಿಂದಲೇ ವಿಮೆಯವರಿಗೆ, ವೈದ್ಯರಿಗೆ, ವಕೀಲರಿಗೆ ಹೋಗುತ್ತವೆ. ಚರ್ಮವನ್ನು ನುಣುಪು ಮಾಡುವ ಕ್ಯಾಮೆರಾ ಕಲೆಯನ್ನೂ ನುಣುಪು ಮಾಡೀತು. 2013ರಲ್ಲಿ ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ 8 ಬರೆಯುತ್ತಿದ್ದುದು ಜರ್ಮನಿಯಲ್ಲಿ ಬಯಲಾಯಿತು. ಫೈಲು ಸಣ್ಣದು ಮಾಡಲು ಒಂದೇ ಥರ ಕಾಣುವ ಅಕ್ಷರಗಳನ್ನು ಯಂತ್ರ ತಾನೇ ಅದಲುಬದಲು ಮಾಡುತ್ತಿತ್ತು. ಮಸುಕಾಗಿದ್ದರೆ ಯಾರಾದರೂ ಅನುಮಾನಿಸುತ್ತಿದ್ದರು. ಸ್ಫುಟವಾದ ತಪ್ಪನ್ನು ಯಾರು ಅನುಮಾನಿಸುತ್ತಾರೆ?

ಫೋಟೊ ಎನ್ನುವುದು ರುಚಿಯ ವಿಷಯ, ಅದನ್ನು ಅಳೆಯಲಾಗದು ಎಂಬ ಉತ್ತರ ಸಿದ್ಧವಾಗಿದೆ. ಬಣ್ಣ ರುಚಿಯ ವಿಷಯವಿರಬಹುದು, ವಿವರ ಅಲ್ಲ. ಎಷ್ಟು ಸಣ್ಣ ಗೆರೆಯವರೆಗೆ ಕ್ಯಾಮೆರಾ ಬಿಡಿಸಿ ತೋರಿಸುತ್ತದೆ ಎಂದು ಅಳೆಯಲು ಐಎಸ್‌ಒ 12233 ಇದೆ. ಫೋನು ಕ್ಯಾಮೆರಾಗಳಿಗೆಂದೇ ಐಇಇಇ 2016ರಲ್ಲಿ 1858 ಎಂಬ ಮಾನದಂಡ ರೂಪಿಸಿತು. ಕಂಪನಿಗಳ ಪ್ರಯೋಗಾಲಯಗಳಲ್ಲಿ ಇಂಥ ಪರೀಕ್ಷೆಗಳು ದಿನಾ ನಡೆಯುತ್ತವೆ, ಫಲಿತಾಂಶ ನಮಗೆ ಬರುವುದಿಲ್ಲ ಅಷ್ಟೆ. ಡಿಎಕ್ಸ್‌ಒ ಮಾರ್ಕ್‌ನಂಥ ಖಾಸಗಿ ಸಂಸ್ಥೆಯ ಅಂಕಗಳಿವೆಯಲ್ಲ ಎಂದರೆ, ಅದೇ ಸಂಸ್ಥೆ ಫೋನ್ ತಯಾರಕರಿಗೆ ಪರೀಕ್ಷಾ ಸಲಕರಣೆ ಮತ್ತು ಸಲಹೆಯನ್ನೂ ಮಾರುತ್ತದೆ. ಅಂಕ ಹಾಕುವವರಿಗೆ ಆ ನಂಟು ಇರಬಾರದು.

ನಮ್ಮ ಸರಕಾರಕ್ಕೆ ಫೋನು ಅಳೆಯುವುದು ಹೊಸದೂ ಅಲ್ಲ. ನಿಮ್ಮ ಫೋನಿನಲ್ಲಿ *#07# ಒತ್ತಿ ನೋಡಿ, ವಿಕಿರಣದ ಪ್ರಮಾಣ ಕಾಣುತ್ತದೆ. ಅದು ಕಿಲೋಗೆ 1.6 ವ್ಯಾಟ್ ಮೀರುವಂತಿಲ್ಲ. ಸುರಕ್ಷತೆಗೆ ಬಿಐಎಸ್ ನೋಂದಣಿ ಕಡ್ಡಾಯ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಮೊದಲ ಸಲ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿಯವರೆಗೆ ದಂಡವಿದೆ. 2022ರ ಜೂನ್ ಮಾರ್ಗಸೂಚಿಯಂತೂ, ಹೇಳಿಕೆ ಯಾವ ಭಾಷೆಯಲ್ಲಿ, ಯಾವ ಅಕ್ಷರದಲ್ಲಿ ಇದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ ಇರಬೇಕೆನ್ನುತ್ತದೆ. ಅದನ್ನು ಅಕ್ಷರಶಃ ಪಾಲಿಸಿದರೆ ಪೌಡ್ ರಸ್ತೆಯ ಬೋರ್ಡಿನಲ್ಲಿ 200ರ ಪಕ್ಕ ಅಷ್ಟೇ ದೊಡ್ಡದಾಗಿ ‘ಸಾಮಾನ್ಯವಾಗಿ ಸಿಗುವುದು 12’ ಎಂದಿರಬೇಕು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಷ್ಟನ್ನು ಇವತ್ತೇ ಕೇಳಬಹುದು, ಹೊಸ ಕಾನೂನು ಬೇಡ. ಮುಂದಿನ ಹೆಜ್ಜೆಗೆ ಬೇಕು: ಹಗಲಲ್ಲೊಂದು, ಮಂದ ಬೆಳಕಲ್ಲೊಂದು, ಫೋನು ಡಬ್ಬಿಯಿಂದ ಹೊರಬಂದ ಸ್ಥಿತಿಯಲ್ಲೇ ತೆಗೆದ ಚಿತ್ರದ ಅಳೆದ ವಿವರ ಡಬ್ಬಿಯ ಮೇಲೆ. ಸೆನ್ಸರಿನ ಗಾತ್ರ ಮಿಲಿಮೀಟರಿನಲ್ಲಿ. ಕೃತಕ ಬುದ್ಧಿಮತ್ತೆ ವಿವರ ತುಂಬಿದ್ದರೆ ಆ ಸಂಗತಿ ಫೋಟೊ ಫೈಲಿನೊಳಗೇ ದಾಖಲಾಗಬೇಕು. ಈ ಕೊನೆಯದು ಆಗದ ಮಾತು ಎಂದು ಕಂಪನಿಗಳು ಹೇಳುವಂತಿಲ್ಲ. ಫೋಟೊ ಹೇಗೆ ಹುಟ್ಟಿತೆಂಬ ಗುರುತನ್ನು ಫೈಲಿನೊಳಗೆ ಇಡುವ ಸಿ2ಪಿಎ ಎಂಬ ವ್ಯವಸ್ಥೆ ಈಗಾಗಲೇ ಇದೆ, 2025ರ ಪಿಕ್ಸೆಲ್ 10ರಲ್ಲಿ ಗೂಗಲ್ ಅದನ್ನು ಅಳವಡಿಸಿಯೂ ಆಗಿದೆ.