ನಾಳೆ ತೆರೆಯುವವರಿಗೂ ಸಿಗುವ ಡಿಸ್ಕ್

ರಾಜ್ಯೋತ್ಸವ ಮುಗಿದ ಮೇಲೆ ಒಂದೆರಡು ವಾರ ನಮ್ಮ ಫೋನಿಗೆ ಒಂದೇ ತರಹದ ಪ್ರಶ್ನೆಗಳು ಬರುತ್ತವೆ. ಕಾರ್ಯಕ್ರಮದ ವಿಡಿಯೊ, ಮಕ್ಕಳ ನೃತ್ಯ, ರಜೆಯಲ್ಲಿ ಊರಿಗೆ ಹೋದಾಗ ತೆಗೆದ ಫೋಟೊ ಎಲ್ಲ ಸೇರಿ ಲ್ಯಾಪ್‌ಟಾಪ್ ತುಂಬಿರುತ್ತದೆ. ಹೊಸ ಹಾರ್ಡ್ ಡಿಸ್ಕ್ ತಂದು ಜೋಡಿಸಿದರೆ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕಂಪ್ಯೂಟರ್ ಕೇಳುತ್ತದೆ. ಕೆಳಗೆ ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್, ಫ್ಯಾಟ್32 ಎಂಬ ಹೆಸರುಗಳು. ಇವುಗಳಲ್ಲಿ ಯಾವುದನ್ನು ಒತ್ತಬೇಕು?

ನಾವು ಓದಿದ್ದು ಫಾರ್ಮಸಿ ಡಿಪ್ಲೊಮಾ, ಕಂಪ್ಯೂಟರ್ ಅಲ್ಲ. ಆದರೆ ಆಸ್ಪತ್ರೆಯ ಔಷಧಾಲಯದಲ್ಲಿ ನಮ್ಮ ಕೆಲಸವೂ ಇಟ್ಟದ್ದನ್ನು ಕೆಡದಂತೆ ಕಾಯುವುದು, ಕೇಳಿದಾಗ ತಪ್ಪದೆ ತೆಗೆದು ಕೊಡುವುದು. ಆ ಕಣ್ಣಿನಿಂದ ನೋಡಿದರೆ ಈ ವಿಷಯ ಅಷ್ಟೇನೂ ಕಗ್ಗಂಟಲ್ಲ. ಆದ್ದರಿಂದ ಈ ವರ್ಷದ ಅಂಕಣದಲ್ಲಿ ಮಾತ್ರೆ, ಸಿರಪ್ಪುಗಳನ್ನು ಬದಿಗಿಟ್ಟು ಡಿಸ್ಕಿನ ಮಾತು ಆಡೋಣ.

ರ‍್ಯಾಕ್ ಮತ್ತು ರಿಜಿಸ್ಟರ್

ಖಾಲಿ ಡಿಸ್ಕ್ ಎಂದರೆ ಖಾಲಿ ಗೋದಾಮು. ಅದರಲ್ಲಿ ರ‍್ಯಾಕ್ ಹಾಕಿ, ಯಾವ ಖಾನೆಯಲ್ಲಿ ಏನಿದೆ ಎಂದು ರಿಜಿಸ್ಟರ್ ಬರೆಯುವ ಪದ್ಧತಿಗೆ ಫೈಲ್ ಸಿಸ್ಟಮ್ ಎನ್ನುತ್ತಾರೆ. ‘ಫಾರ್ಮ್ಯಾಟ್’ ಎಂದರೆ ಆ ಪದ್ಧತಿಯನ್ನು ಹೊಸದಾಗಿ ಹಾಕುವುದು. ರಿಜಿಸ್ಟರ್ ಹಾಳಾದರೆ ಮಾಲು ಖಾನೆಯಲ್ಲೇ ಇದ್ದರೂ ಸಿಗುವುದಿಲ್ಲ. ರಿಜಿಸ್ಟರ್ ಬರೆದ ಭಾಷೆ ಓದಲು ಬಾರದವರು ಬಂದರೂ ಅದೇ ಗತಿ. ವಿಂಡೋಸ್, ಮ್ಯಾಕ್, ಟಿವಿ, ಮೊಬೈಲ್ ಇವೆಲ್ಲ ಬೇರೆ ಬೇರೆ ರಿಜಿಸ್ಟರ್ ಭಾಷೆಗಳನ್ನು ಬಲ್ಲವು. ಎಲ್ಲವನ್ನೂ ಬಲ್ಲ ಯಂತ್ರ ಒಂದೂ ಇಲ್ಲ.

ಹಾಗಾಗಿ ‘ಯಾವುದು ಅತ್ಯುತ್ತಮ?’ ಎಂದು ಕೇಳುವುದಕ್ಕಿಂತ ‘ಈ ಡಿಸ್ಕನ್ನು ನಾಳೆ ಯಾರು, ಯಾವ ಯಂತ್ರದಲ್ಲಿ ತೆರೆಯುತ್ತಾರೆ?’ ಎಂದು ಕೇಳಿಕೊಳ್ಳುವುದು ಮೇಲು. ಇದಕ್ಕೆ ಒಳ್ಳೆಯ ಉದಾಹರಣೆಗಳು ಸಿಗುವುದು ಜಪಾನಿನಲ್ಲಿ. ನಮ್ಮ ಜೇಬಿನ ಪೆನ್‌ಡ್ರೈವಿನ ಒಳಗಿರುವ ಫ್ಲ್ಯಾಶ್ ಮೆಮೊರಿಯ ತವರು ಅದೇ. ಅಲ್ಲಿನ ಮನೆಗಳವರು ಈ ಪೇಚುಗಳನ್ನು ನಮಗಿಂತ ಮೊದಲೇ ಕಂಡವರು.

ಎಕ್ಸ್‌ಫ್ಯಾಟ್ ಬಂದ ದಾರಿ

ತೋಷಿಬಾದಲ್ಲಿದ್ದ ಫುಜಿಯೊ ಮಸುಓಕಾ ಎಂಬ ಎಂಜಿನಿಯರ್ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನೂ 1987ರಲ್ಲಿ ಅದರ ‘ನ್ಯಾಂಡ್’ ಬಗೆಯನ್ನೂ ಲೋಕದ ಮುಂದಿಟ್ಟರು. ಇಂದಿನ ಮೆಮೊರಿ ಕಾರ್ಡ್, ಪೆನ್‌ಡ್ರೈವ್, ಎಸ್‌ಎಸ್‌ಡಿಗಳ ಒಳಗಿರುವುದು ಈ ನ್ಯಾಂಡ್. 1999ರಲ್ಲಿ ಮತ್ಸುಶಿತ (ಈಗಿನ ಪ್ಯಾನಾಸೋನಿಕ್), ತೋಷಿಬಾ ಮತ್ತು ಅಮೆರಿಕದ ಸ್ಯಾನ್‌ಡಿಸ್ಕ್ ಸೇರಿ ಎಸ್‌ಡಿ ಕಾರ್ಡನ್ನು ತಂದವು.

ಮೊದಲ ಕಾರ್ಡುಗಳಿಗೆ ಫ್ಯಾಟ್ ಕುಟುಂಬದ ಹಳೆಯ ಪದ್ಧತಿಗಳು ಸಾಕಾಗಿದ್ದವು. ಫ್ಯಾಟ್32 ಹೆಚ್ಚುಕಡಿಮೆ ಎಲ್ಲ ಯಂತ್ರಗಳಿಗೂ ತಿಳಿಯುತ್ತದೆ. ಆದರೆ ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎರಡು ಗಂಟೆಯ ಯಕ್ಷಗಾನವನ್ನು ಒಳ್ಳೆಯ ಕ್ಯಾಮೆರಾದಲ್ಲಿ ಹಿಡಿದರೆ ಆ ಮಿತಿ ಸುಲಭವಾಗಿ ದಾಟಿಹೋಗುತ್ತದೆ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿದ್ದರೂ ‘ಫೈಲ್ ತುಂಬ ದೊಡ್ಡದು’ ಎಂಬ ಸಂದೇಶ ಬರುವುದು ಇದರಿಂದಲೇ.

ಮೈಕ್ರೋಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್ ಈ ಮಿತಿಯನ್ನು ತೆಗೆಯಿತು. 32 ಜಿಬಿ ಮೀರಿದ ಎಸ್‌ಡಿಎಕ್ಸ್‌ಸಿ ಕಾರ್ಡುಗಳಿಗೆ ಅದೇ ನಿಯಮದ ಫೈಲ್ ಸಿಸ್ಟಮ್ ಆಯಿತು. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಪ್ರಕಟಿಸಿತು. ಅದೇ ವರ್ಷ ಲಿನಕ್ಸ್ ಕರ್ನಲ್ಲಿಗೂ ಅದು ಸೇರಿತು. ಹೀಗಾಗಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಇಂದು ಓದಿ ಬರೆಯಬಲ್ಲ ಪದ್ಧತಿಗಳಲ್ಲಿ ದೊಡ್ಡ ಫೈಲುಗಳಿಗೆ ಒಗ್ಗುವುದು ಎಕ್ಸ್‌ಫ್ಯಾಟ್.

ಅದಕ್ಕೂ ಒಂದು ಕೊರತೆ ಇದೆ. ಔಷಧಾಲಯದಲ್ಲಿ ನಾವು ಮಾಲು ಸರಿಸುವ ಮೊದಲು ಕಚ್ಚಾ ಪುಸ್ತಕದಲ್ಲಿ ಒಂದು ಗುರುತು ಹಾಕಿಕೊಳ್ಳುತ್ತೇವೆ. ನಡುವೆ ಯಾರಾದರೂ ಕರೆದರೂ ಕೆಲಸ ಎಲ್ಲಿಗೆ ನಿಂತಿತ್ತು ಎಂದು ತಿಳಿಯುತ್ತದೆ. ಇಂಥ ಕಚ್ಚಾ ಪುಸ್ತಕಕ್ಕೆ ‘ಜರ್ನಲ್’ ಎನ್ನುತ್ತಾರೆ. ವಿಂಡೋಸಿನ ಎನ್‌ಟಿಎಫ್‌ಎಸ್‌ಗೂ ಲಿನಕ್ಸಿನ ಇಎಕ್ಸ್‌ಟಿ4ಗೂ ಅದು ಉಂಟು, ಎಕ್ಸ್‌ಫ್ಯಾಟಿಗೆ ಇಲ್ಲ. ಕಾಪಿ ಆಗುತ್ತಿರುವಾಗಲೇ ವೈರು ಎಳೆದರೆ ರಿಜಿಸ್ಟರ್ ಕೆಡುವ ಭಯ ಇದರಲ್ಲಿ ಹೆಚ್ಚು. ‘ಇಜೆಕ್ಟ್’ ಒತ್ತಿ, ಕಂಪ್ಯೂಟರ್ ಒಪ್ಪಿದ ಮೇಲೆಯೇ ಡಿಸ್ಕ್ ಕೀಳುವ ಅಭ್ಯಾಸವನ್ನು ಮನೆಯ ಎಲ್ಲರಿಗೂ ಕಲಿಸಬೇಕು.

ಟಿವಿಯ ಜೊತೆ ಹೋದ ಡಿಸ್ಕ್

ಜಪಾನಿನಲ್ಲಿ ಟಿವಿಯ ಹಿಂಬದಿಗೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಜೋಡಿಸಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಳ್ಳುವುದು ಬಹಳ ಮನೆಗಳ ರೂಢಿ. ಟಿವಿ ಆ ಡಿಸ್ಕನ್ನು ತನ್ನದೇ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳುತ್ತದೆ. ರೆಕಾರ್ಡಿಂಗನ್ನು ಗೂಢಲಿಪಿಯಲ್ಲಿ ಬರೆದು ಆ ಒಂದು ಟಿವಿಗೆ ಕಟ್ಟಿಹಾಕುತ್ತದೆ. ಟಿವಿ ಕೆಟ್ಟರೆ ಡಿಸ್ಕ್ ಗಟ್ಟಿಯಾಗಿದ್ದರೂ ಒಳಗಿನದು ಹೋದಂತೆಯೇ. ಅದೇ ಮಾಡೆಲಿನ ಹೊಸ ಟಿವಿ ತಂದರೂ ಸಾಮಾನ್ಯವಾಗಿ ತೆರೆಯುವುದಿಲ್ಲ. ಪ್ರಸಾರದ ಹಕ್ಕುಗಳನ್ನು ಕಾಯಲು ಮಾಡಿದ ಏರ್ಪಾಡು ಇದು. ಎಷ್ಟು ಪ್ರತಿ ತೆಗೆಯಬಹುದು ಎನ್ನುವುದಕ್ಕೂ ಅಲ್ಲಿ ಲೆಕ್ಕವಿದೆ. 2008ರ ಜುಲೈಯಿಂದ ಒಂಬತ್ತು ಕಾಪಿ, ಹತ್ತನೆಯದು ಸ್ಥಳಾಂತರ ಎಂಬ ನಿಯಮ ಬಂತು. ಅಲ್ಲಿ ಅದಕ್ಕೆ ‘ಡಬ್ಬಿಂಗ್ 10’ ಎನ್ನುತ್ತಾರೆ.

ಇದರಲ್ಲಿ ನಮಗೂ ಒಂದು ಎಚ್ಚರಿಕೆ ಇದೆ. ಫೋಟೊ ತುಂಬಿದ ಡಿಸ್ಕನ್ನು ಹೊಸ ಟಿವಿಗೋ ರೆಕಾರ್ಡಿಂಗ್ ಪೆಟ್ಟಿಗೆಗೋ ಚುಚ್ಚಿದಾಗ ‘ಈ ಡಿಸ್ಕನ್ನು ಸಿದ್ಧಪಡಿಸಲೇ?’ ಎಂದು ಪರದೆಯ ಮೇಲೆ ಬಂದರೆ ‘ಹೌದು’ ಒತ್ತಬಾರದು. ಸಿದ್ಧಪಡಿಸುವುದು ಎಂದರೆ ಹಳೆಯ ರಿಜಿಸ್ಟರ್ ಹರಿದು ಹೊಸದು ಬರೆಯುವುದು. ನೋಡಲು ಒಂದು ಪೆನ್‌ಡ್ರೈವ್, ಕೂಡಿಡಲು ಒಂದು ಡಿಸ್ಕ್ ಎಂದು ಬೇರೆ ಮಾಡಿಕೊಂಡರೆ ಈ ಚಿಂತೆ ಇಲ್ಲ.

ಎರಡು ಗೀಟು, ಒಂದು ಓಕಾರ

ಜಪಾನಿ ಲಿಪಿಯಲ್ಲಿ ‘ಕ’ ಅಕ್ಷರದ ಮೇಲೆ ಎರಡು ಪುಟ್ಟ ಗೀಟು ಹಾಕಿದರೆ ‘ಗ’ ಆಗುತ್ತದೆ. ಕಂಪ್ಯೂಟರಿಗೆ ಇದನ್ನು ಎರಡು ರೀತಿಯಲ್ಲಿ ಹೇಳಬಹುದು: ಇಡೀ ‘ಗ’ಕ್ಕೆ ಒಂದು ಸಂಕೇತ, ಇಲ್ಲವೇ ‘ಕ’ಕ್ಕೊಂದು, ಗೀಟಿಗೊಂದು. ವಿಂಡೋಸಿನಲ್ಲಿ ಸಾಮಾನ್ಯವಾಗಿ ಮೊದಲನೆಯದು. ಮ್ಯಾಕ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರುಗಳನ್ನು ಎರಡನೆಯ ರೀತಿಯಲ್ಲಿ ಬಿಡಿಸಿ ಇಡುತ್ತಿತ್ತು. ಮ್ಯಾಕಿನಿಂದ ಬಂದ ಫೈಲಿನ ಹೆಸರಿನಲ್ಲಿ ಗೀಟುಗಳು ಅಕ್ಷರ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುವ ಪೇಚು ಜಪಾನಿನಲ್ಲಿ ಎಲ್ಲರಿಗೂ ಗೊತ್ತು. ಅಕ್ಷರಗಳು ಕಲಸಿಹೋಗುವುದಕ್ಕೆ ಅವರು ಇಟ್ಟ ಹೆಸರು ‘ಮೊಜಿಬಾಕೆ’.

ಕನ್ನಡಕ್ಕೂ ಇದು ತಪ್ಪಿದ್ದಲ್ಲ. ಯುನಿಕೋಡಿನಲ್ಲಿ ನಮ್ಮ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ‘ಜೋಗ’ ಎಂಬ ಹೆಸರಿನ ಎರಡು ಫೋಲ್ಡರುಗಳು ಒಂದೇ ಡಿಸ್ಕಿನಲ್ಲಿ ಅಕ್ಕಪಕ್ಕ ಕುಳಿತಿದ್ದರೆ ಗಾಬರಿ ಬೇಡ. ನಮ್ಮ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಔಷಧಾಲಯದಲ್ಲಿ ನೋಡಲು ಒಂದೇ ತರಹದ ಎರಡು ಮಾತ್ರೆಗಳನ್ನು ಪಕ್ಕಪಕ್ಕದಲ್ಲಿ ಇಡಬಾರದು ಎಂಬ ನಿಯಮವಿದೆ. ಇಲ್ಲಿಯೂ ಅದೇ ಬುದ್ಧಿ ಬೇಕು: ಒಂದನ್ನು ಅಳಿಸುವ ಮೊದಲು ಎರಡರ ಒಳಗೂ ನೋಡಿ.

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಲೇಖನವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡದ್ದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಡಿಸ್ಕ್ ಸರಿ ಇದೆ, ಫೈಲ್ ಸರಿ ಇದೆ, ಓದುವವರಿಗೆ ಮಾತ್ರ ದಕ್ಕಲಿಲ್ಲ. ಅದಕ್ಕೆ ನಾವು ಹೇಳುವುದು, ಫೋಲ್ಡರಿನ ಹೆಸರು 2019-11-01 ಎಂಬಂತೆ ಇಸವಿ, ತಿಂಗಳು, ದಿನದಿಂದ ಶುರುವಾಗಲಿ. ಅಂಕಿಗಳು ಎಲ್ಲ ಯಂತ್ರದಲ್ಲೂ ಅಂಕಿಗಳೇ. ಯಾರು, ಎಲ್ಲಿ, ಯಾವ ಸಂದರ್ಭ ಎಂಬುದನ್ನು ಒಳಗೆ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಯುನಿಕೋಡ್ ಕನ್ನಡದಲ್ಲಿ ಧಾರಾಳವಾಗಿ ಬರೆದಿಡಿ.

ಹಿಂದಕ್ಕೆ ನೋಡಬಲ್ಲ ಜಪಾನಿನ ಫೈಲ್ ಸಿಸ್ಟಮ್

ಜಪಾನಿನ ದೂರವಾಣಿ ಸಂಸ್ಥೆ ಎನ್‌ಟಿಟಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಫೈಲ್ ಸಿಸ್ಟಮ್ ಒಂದಿದೆ, ಹೆಸರು ನಿಲ್ಫ್ಸ್. ಅದರ ಎರಡನೆಯ ರೂಪ 2009ರಲ್ಲಿ ಲಿನಕ್ಸಿನ ಮುಖ್ಯ ಕರ್ನಲ್ಲಿಗೆ ಸೇರಿತು. ಅದರ ಪದ್ಧತಿ ನಮ್ಮ ವೃತ್ತಿಯವರಿಗೆ ಕೂಡಲೇ ಹಿಡಿಸುತ್ತದೆ. ರಿಜಿಸ್ಟರಿನಲ್ಲಿ ಹಳೆಯ ಸಾಲನ್ನು ಉಜ್ಜಿ ಅಳಿಸದೆ, ಕೊನೆಯಲ್ಲಿ ಹೊಸ ಸಾಲು ಸೇರಿಸುತ್ತ ಹೋಗುವುದು. ಇದರಿಂದ ಡಿಸ್ಕ್ ಸ್ವಲ್ಪ ಹೊತ್ತಿನ ಹಿಂದೆ ಹೇಗಿತ್ತು ಎಂದು ತಿರುಗಿ ನೋಡಬಹುದು. ಅಳಿಸಿದ ಫೈಲನ್ನೂ ಅದು ಪೂರ್ತಿ ಗುಡಿಸಿಹೋಗುವ ಮೊದಲು ಹಿಂದಕ್ಕೆ ತರಬಹುದು.

ಹಾಗಾದರೆ ಎಲ್ಲರೂ ಅದನ್ನೇ ಹಾಕಿಕೊಳ್ಳಬಹುದಲ್ಲ? ಬೇಡ. ವಿಂಡೋಸ್, ಮ್ಯಾಕ್, ಟಿವಿಗಳಿಗೆ ಅದು ತಿಳಿಯುವುದಿಲ್ಲ. ಲಿನಕ್ಸ್ ಬಲ್ಲ ಒಬ್ಬರು ಮನೆಯಲ್ಲಿದ್ದರೆ ಅವರ ಯಂತ್ರಕ್ಕೆ ಚೆನ್ನ. ಅವರು ಬೇರೆ ದೇಶಕ್ಕೆ ಹೋದ ಮೇಲೆ ಆ ಡಿಸ್ಕನ್ನು ತೆರೆಯುವವರು ಯಾರು? ಗುಣ ಹೆಚ್ಚಿದ್ದ ಮಾತ್ರಕ್ಕೆ ಔಷಧ ಎಲ್ಲರಿಗೂ ಒಗ್ಗುವುದಿಲ್ಲ.

ಕ್ಯೋಟೊದಲ್ಲಿ ಆದದ್ದು

ಇನ್ನು, ಯಾವ ಫೈಲ್ ಸಿಸ್ಟಮ್ ಹಾಕಿದರೂ ತಪ್ಪದ ಮಾತು ಒಂದಿದೆ. 2021ರ ಡಿಸೆಂಬರಿನಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಿಂದ ಸುಮಾರು 77 ಟೆರಾಬೈಟ್, ಅಂದರೆ 3 ಕೋಟಿ 40 ಲಕ್ಷದಷ್ಟು ಫೈಲುಗಳು ಅಳಿಸಿಹೋದವು. ಡಿಸ್ಕ್ ಕೆಟ್ಟಿರಲಿಲ್ಲ, ಫೈಲ್ ಸಿಸ್ಟಮ್ ಮುರಿದಿರಲಿಲ್ಲ. ಬ್ಯಾಕಪ್ ನೋಡಿಕೊಳ್ಳುವ ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಹೊಸ ಆವೃತ್ತಿಯನ್ನು ಮೇಲೆ ಬರೆದರು. ಹಳೆಯ ಲಾಗ್ ಫೈಲುಗಳನ್ನು ಅಳಿಸಬೇಕಾದದ್ದು ಸಂಶೋಧಕರ ಫೈಲುಗಳನ್ನೇ ಅಳಿಸಿತು. ತೊಂದರೆಗೆ ಸಿಕ್ಕಿದ್ದು 14 ಸಂಶೋಧನಾ ಗುಂಪುಗಳು. ಅವುಗಳಲ್ಲಿ ನಾಲ್ಕು ಗುಂಪುಗಳ ಮಾಹಿತಿ ಬ್ಯಾಕಪ್ಪಿನಿಂದಲೂ ಮರಳಲಿಲ್ಲ.

ಅಷ್ಟು ದೊಡ್ಡ ಸಂಸ್ಥೆಯಲ್ಲೇ ಹೀಗಾದರೆ ನಮ್ಮ ಮನೆಯ ಒಂದು ಡಿಸ್ಕಿನ ಗತಿ ಏನು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಜರ್ನಲ್ ಕರೆಂಟು ಹೋದಾಗ ಕಾಯುತ್ತದೆ. ತಪ್ಪಾಗಿ ಅಳಿಸಿದ್ದನ್ನು, ಕಳುವಾದದ್ದನ್ನು, ನೀರಿಗೆ ಬಿದ್ದದ್ದನ್ನು ಕಾಯುವುದು ಬೇರೆ ಕಡೆ ಇರುವ ಎರಡನೆಯ ಪ್ರತಿ ಮಾತ್ರ.

2011ರ ಮಾರ್ಚ್ 11ರ ಸುನಾಮಿಯ ನಂತರ ಜಪಾನಿನ ಸ್ವಯಂಸೇವಕರು ಕೆಸರಿನಲ್ಲಿ ಸಿಕ್ಕ ಆಲ್ಬಮ್ಮುಗಳನ್ನು ಹೆಕ್ಕಿ, ಒಂದೊಂದೇ ಫೋಟೊ ತೊಳೆದು ಒಣಗಿಸಿದರು. ರಿಕೋ ಕಂಪನಿಯ ಯೋಜನೆಯೊಂದರಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಫೋಟೊಗಳನ್ನು ಶುಚಿಮಾಡಿ, ಸ್ಕ್ಯಾನ್ ಮಾಡಿದರು. ಸುಮಾರು 90 ಸಾವಿರ ಫೋಟೊಗಳು ಮನೆಯವರ ಕೈ ಸೇರಿದವು. ಮನೆ ಕಳೆದುಕೊಂಡವರು ಒಂದು ಫೋಟೊಗಾಗಿ ಬಂದು ಹುಡುಕಿದರು. ಕಾಗದದ ಫೋಟೊ ಕೆಸರಿನಿಂದ ಎದ್ದು ಬಂದೀತು, ಮುಖ ನೋಡಿ ಗುರುತೂ ಹಿಡಿದಾರು. ಕೆಸರಿನಲ್ಲಿ ಬಿದ್ದ ಹಾರ್ಡ್ ಡಿಸ್ಕಿಗೆ ಮುಖವಿಲ್ಲ.

ಹಾಗಾದರೆ ಏನು ಮಾಡೋಣ?

ಮನೆಯಲ್ಲಿ ಎಲ್ಲರದೂ ವಿಂಡೋಸ್ ಆಗಿದ್ದು, ಡಿಸ್ಕ್ ಆ ಮನೆಯಲ್ಲೇ ಇರುವುದಾದರೆ ಎನ್‌ಟಿಎಫ್‌ಎಸ್ ಸಾಕು, ಜರ್ನಲ್ಲಿನ ಕಾವಲು ಸಿಗುತ್ತದೆ. ಮ್ಯಾಕ್ ಅದನ್ನು ಓದುತ್ತದೆ, ಬೇರೆ ಸಾಫ್ಟ್‌ವೇರ್ ಹಾಕದೆ ಅದಕ್ಕೆ ಬರೆಯುವುದಿಲ್ಲ.

ಮಗಳಿಗೆ ಮ್ಯಾಕ್, ಅಪ್ಪನಿಗೆ ವಿಂಡೋಸ್, ಊರಿನ ಅಣ್ಣನ ಮನೆಯಲ್ಲಿ ಇನ್ನಾವುದೋ ಎಂದಾದರೆ ಎಕ್ಸ್‌ಫ್ಯಾಟ್ ಆರಿಸಿ, ಇಜೆಕ್ಟ್ ಮರೆಯಬೇಡಿ. ಟಿವಿಗೆ ಚುಚ್ಚುವುದಿದ್ದರೆ ಅದು ಯಾವುದನ್ನು ಓದುತ್ತದೆ ಎಂದು ಅದರ ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಿ.

ಸದಾ ಚಾಲೂ ಇರುವ ನ್ಯಾಸ್ ಪೆಟ್ಟಿಗೆ ಇಟ್ಟುಕೊಂಡವರಿಗೆ ಬಿಟಿಆರ್‌ಎಫ್‌ಎಸ್, ಜಡ್‌ಎಫ್‌ಎಸ್‌ನಂತಹವು ಒಳ್ಳೆಯವು. ಇಟ್ಟ ಮಾಹಿತಿ ತಾನಾಗಿ ಕೆಟ್ಟಿದೆಯೇ ಎಂದು ಅವು ತಾಳೆ ನೋಡುತ್ತವೆ. ಆದರೆ ಪೆಟ್ಟಿಗೆ ಕೆಟ್ಟ ದಿನ ಒಳಗಿನ ಡಿಸ್ಕನ್ನು ವಿಂಡೋಸಿಗೆ ಜೋಡಿಸಿದರೆ ತೆರೆಯುವುದಿಲ್ಲ. ಆದ್ದರಿಂದ ಎಕ್ಸ್‌ಫ್ಯಾಟಿನಲ್ಲಿ ಒಂದು ಸರಳ ಪ್ರತಿ ಪಕ್ಕದಲ್ಲಿರಲಿ.

ಎರಡನೆಯ ಪ್ರತಿ ಬೇರೆ ಊರಿನಲ್ಲಿರಬೇಕು. ಗಲ್ಫಿನಲ್ಲಿರುವ ನಮಗೆ ಇದು ಸುಲಭ: ರಜೆಗೆ ಹೋಗುವಾಗ ಒಂದು ಡಿಸ್ಕ್ ಊರಿಗೆ, ಬರುವಾಗ ಕಳೆದ ಸಲ ಒಯ್ದದ್ದು ಇಲ್ಲಿಗೆ. ಬೇಸಿಗೆಯಲ್ಲಿ ಔಷಧವನ್ನು ಕಾರಿನಲ್ಲಿ ಬಿಡಬೇಡಿ ಎಂದು ನಾವು ಕೌಂಟರಿನಲ್ಲಿ ದಿನವೂ ಹೇಳುತ್ತೇವೆ. ಡಿಸ್ಕಿಗೂ ಅದೇ ಮಾತು. ಕರೆಂಟಿಲ್ಲದೆ ಇಟ್ಟ ಫ್ಲ್ಯಾಶ್ ಮೆಮೊರಿಯಲ್ಲಿ ತುಂಬಿದ ವಿದ್ಯುದಂಶ ಕಾಲ ಕಳೆದಂತೆ ಸೋರುತ್ತದೆ, ಶಾಖದಲ್ಲಿ ಇನ್ನೂ ಬೇಗ. ಪೆನ್‌ಡ್ರೈವನ್ನು ವರ್ಷಗಟ್ಟಲೆ ಡ್ರಾಯರಿನಲ್ಲಿ ಹಾಕಿ ನಂಬಿ ಕೂರಬೇಡಿ.

ಸಂಘದ ಕಾರ್ಯಕ್ರಮಗಳ ಡಿಸ್ಕಿಗೂ ಇದೆಲ್ಲ ಅನ್ವಯ. ಅದು ಒಂದು ಸಮಿತಿಯಿಂದ ಮುಂದಿನ ಸಮಿತಿಗೆ ಕೈಬದಲಾಗುತ್ತದೆ. ಇಂದಿನ ಕಾರ್ಯದರ್ಶಿಯ ಲ್ಯಾಪ್‌ಟಾಪಿಗೆ ಹೊಂದಿದರೆ ಸಾಲದು. ವೇದಿಕೆಯ ಮೇಲೆ ಹಾಡಿದ ಹಿರಿಯರಲ್ಲಿ ಕೆಲವರು ಈಗ ಆ ವಿಡಿಯೊಗಳಲ್ಲಿ ಮಾತ್ರ ಇದ್ದಾರೆ. ಅವರ ದನಿಯನ್ನು ಮುಂದೆ ಕೇಳಬೇಕಾದವರು ಇನ್ನೂ ಶಾಲೆಯ ಮಕ್ಕಳು.

ಈ ಶುಕ್ರವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ನಿಮ್ಮ ಹಳೆಯ ಡಿಸ್ಕನ್ನು ನಿಮ್ಮದಲ್ಲದ ಒಂದು ಕಂಪ್ಯೂಟರಿಗೆ ಜೋಡಿಸಿ, ನಾಲ್ಕಾರು ಫೈಲುಗಳನ್ನು ತೆರೆದು ನೋಡಿ. ತೆರೆದರೆ ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ: ಫೈಲ್ ಸಿಸ್ಟಮ್ಮಿನ ಹೆಸರು, ಪರೀಕ್ಷಿಸಿದ ದಿನಾಂಕ, ಇನ್ನೊಂದು ಪ್ರತಿ ಯಾರ ಮನೆಯಲ್ಲಿದೆ. ತೆರೆಯದಿದ್ದರೆ ಫಾರ್ಮ್ಯಾಟ್ ಒತ್ತದೆ, ಅದನ್ನು ತೆರೆಯಬಲ್ಲ ಹಳೆಯ ಯಂತ್ರ ಕೆಡುವ ಮೊದಲೇ ಅದರಿಂದ ಹೊಸ ಡಿಸ್ಕಿಗೆ ಪ್ರತಿ ತೆಗೆದುಕೊಳ್ಳಿ.