ಹುಲ್ಲು ಕೊಯ್ದು ಕಾಲೇಜು ಕಲಿಯುವವರು

ಅಮೆರಿಕೆಯನ್ನು ಕುರಿತು ಒಂದು ಮಾತು ನಮ್ಮಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಅಲ್ಲಿ ಉಳ್ಳವರ ಮಗನೂ ಕಾಲೇಜಿಗೆ ಹೋಗುತ್ತಲೇ ಪರರ ಅಂಗಳದ ಹುಲ್ಲು ಕತ್ತರಿಸಿ ತನ್ನ ಫೀಸನ್ನು ತಾನೇ ಕಟ್ಟುತ್ತಾನೆ. ನಮ್ಮ ಹುಡುಗರೋ ಅಪ್ಪನ ದುಡಿಮೆಯಲ್ಲಿ ಕೂತು ಉಣ್ಣುತ್ತಾರೆ ಎಂಬುದು ಆ ಮಾತು. ವೇದಿಕೆ ಏರಿದ ದೊಡ್ಡವರಿಗೆ ಇದು ಬಲು ಪ್ರಿಯ. ಇದರಲ್ಲಿ ನಿಜವೂ ಇದೆ, ಮೋಸವೂ ಇದೆ. ಎರಡನ್ನೂ ಬೇರ್ಪಡಿಸಿ ತೂಗಿ ನೋಡುವುದು ಒಳ್ಳೆಯದು.

ನಿಜವಾದದ್ದು ಇಷ್ಟು: ಕೈಕೆಲಸದಲ್ಲಿ ಅವಮಾನವಿಲ್ಲ. ಬೆವರು ಸುರಿಸುವವನು ಕೀಳು, ಗಾದಿಯ ಮೇಲೆ ಕೂತು ಲೆಕ್ಕ ಬರೆಯುವವನು ಮೇಲು ಎಂಬ ಜಾತಿಯ ಕಟ್ಟಳೆ ನಮ್ಮ ನಾಡನ್ನು ಇಂದಿಗೂ ಬಿಟ್ಟಿಲ್ಲ. ಪುಸ್ತಕ ಹಿಡಿದ ಕೈ ಯಂತ್ರವನ್ನೂ ಹಿಡಿಯುತ್ತದೆ ಎಂದರೆ ನಾವು ಮೆಚ್ಚಲೇಬೇಕು.

ಆ ಯಂತ್ರವಾದರೂ ಗಿರಣಿಯ ಕೂಸೇ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಬಟ್ಟೆ ಗಿರಣಿಗಳಲ್ಲಿ ಉಣ್ಣೆಯ ಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಯಂತ್ರವಿತ್ತು. ಅದನ್ನು ಕಂಡ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕುಶಲಿ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ರಚಿಸಿದ. ಗಿರಣಿಯ ಬುದ್ಧಿಯಿಂದ ಹುಟ್ಟಿದ್ದು ಧಣಿಗಳ ತೋಟ ಸೇರಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕೆಯಲ್ಲಿ ಮಧ್ಯಮ ವರ್ಗದವರಿಗೂ ಅಂಗಳದ ಹುಲ್ಲುಹಾಸು ಮರ್ಯಾದೆಯ ಗುರುತಾಯಿತು. 1947ರಲ್ಲಿ ನ್ಯೂಯಾರ್ಕಿನ ಬಳಿ ಲೆವಿಟ್‌ಟೌನ್ ಬಡಾವಣೆ ಎದ್ದಾಗ ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಬೇಕೆಂಬ ಕಟ್ಟುಪಾಡಿತ್ತು; ಕರಿಯರಿಗೆ ಮನೆಯಿಲ್ಲ ಎಂಬ ಷರತ್ತೂ ಅದರ ಜೊತೆಗೇ ಇತ್ತು. 2005ರ ಒಂದು ಅಧ್ಯಯನದ ಅಂದಾಜಿನಂತೆ ಆ ದೇಶದ ಹುಲ್ಲುಹಾಸು ಒಂದು ಲಕ್ಷ ಚದರ ಕಿಲೋಮೀಟರಿಗೂ ಮಿಗಿಲು, ಎಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು. ಅಷ್ಟು ನೀರುಂಡ ಹುಲ್ಲು ಬಹುಪಾಲು ದನದ ಬಾಯಿಗೂ ಬೀಳುವುದಿಲ್ಲ.

ಈಗ ಅಂಗಡಿಕಾರ ಮಿತ್ರರು ಲೆಕ್ಕದ ಪುಸ್ತಕ ತೆಗೆಯಲಿ. ಒಬ್ಬ ವಿದ್ಯಾರ್ಥಿ ಶನಿವಾರಕ್ಕೆ ಐದು ಅಂಗಳ ಕತ್ತರಿಸಿ, ಅಂಗಳಕ್ಕೆ 40ರಂತೆ 200 ಡಾಲರು ಪಡೆದನೆಂದು ಇಟ್ಟುಕೊಳ್ಳೋಣ. ಕೇಳುವುದಕ್ಕೆ ಸೊಗಸು. ಆದರೆ ಯಂತ್ರದ ಬೆಲೆ, ಅದರ ಸವಕಳಿ, ಪೆಟ್ರೋಲು, ಅಲಗು ಹರಿತ ಮಾಡಿಸುವ ಖರ್ಚು, ಯಂತ್ರ ಸಾಗಿಸಲು ಗಾಡಿ, ಇವನ್ನೆಲ್ಲ ಕಳೆಯಬೇಕು. ಅಲಗಿಗೆ ಸಿಕ್ಕ ಕಲ್ಲು ಹಾರಿ ಪಕ್ಕದ ಮನೆಯ ಗಾಜು ಒಡೆದರೆ ದಂಡ ಇವನ ತಲೆಗೆ. ಆ ಭಯಕ್ಕೆ ವಿಮೆಯ ಕಂತು ಬೇರೆ. ಮನೆಯಿಂದ ಮನೆಗೆ ಅಲೆಯುವ ಹೊತ್ತಿಗೆ ಕಾಸಿಲ್ಲ. ಹಾಗಾಗಿ ಒಂದೇ ಬೀದಿಯಲ್ಲಿ ಐದು ಗಿರಾಕಿಗಳನ್ನು ಹಿಡಿದವನು ಬದುಕುತ್ತಾನೆ, ಐದು ಬೀದಿ ಸುತ್ತುವವನು ಪೆಟ್ರೋಲಿಗೆ ದುಡಿಯುತ್ತಾನೆ.

ಗಿರಣಿಯ ಬಂಧುಗಳಿಗೆ ಬೇಗ ಅರ್ಥವಾಗುವ ಇನ್ನೊಂದು ಸಂಗತಿ ಇದೆ. ನಮ್ಮ ಪ್ರಾವಿಡೆಂಟ್ ಫಂಡಿಗೆ ಕಾರ್ಮಿಕನದೊಂದು ಪಾಲು, ಮಾಲೀಕನದೊಂದು ಪಾಲು. ಅಮೆರಿಕೆಯಲ್ಲಿಯೂ ಮುಪ್ಪಿನ ಪಿಂಚಣಿ ಮತ್ತು ವೈದ್ಯಕೀಯದ ತೆರಿಗೆಯನ್ನು ನೌಕರ ಮತ್ತು ಮಾಲೀಕ ಅರ್ಧರ್ಧ ತೆರುತ್ತಾರೆ. ಸ್ವಂತ ಉದ್ಯೋಗ ಹೂಡಿದ ಹುಡುಗ ಎರಡು ಪಾಲನ್ನೂ ತಾನೇ ತೆರಬೇಕು. ಅದರ ದರ ನೂರಕ್ಕೆ 15.3. ಹೆಸರಿಗೆ ಅವನು ಮಾಲೀಕ, ಆದರೆ ಅವನ ಕೈಕೆಳಗಿನ ಏಕೈಕ ಕೂಲಿಯೂ ಅವನೇ.

ಇದಕ್ಕೆ ಋತುವಿನ ಕಾಟವೂ ಸೇರುತ್ತದೆ. ಉತ್ತರದ ರಾಜ್ಯಗಳಲ್ಲಿ ಹುಲ್ಲು ಭರದಿಂದ ಬೆಳೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಪರೀಕ್ಷೆ ಬರುವುದೂ ಆಗಲೇ. ಗಿರಾಕಿ ಒಂದು ವಾರವೂ ಕಾಯುವುದಿಲ್ಲ, ಪ್ರಾಧ್ಯಾಪಕನೂ ಕಾಯುವುದಿಲ್ಲ. ಹಿಮ ಬಿದ್ದಾಗ ಹುಲ್ಲಿನ ಕೆಲಸವಿಲ್ಲ, ಊಟದ ಖರ್ಚು ಮಾತ್ರ ನಿಲ್ಲುವುದಿಲ್ಲ. ಎದುರಿಗೆ ಹತ್ತಾರು ಯಂತ್ರಗಳಿರುವ ದೊಡ್ಡ ಕಂಪೆನಿ ಇರುತ್ತದೆ. ಆ ಕಂಪೆನಿಯಲ್ಲಿ ಮೆಕ್ಸಿಕೋದಿಂದ ತಾತ್ಕಾಲಿಕ ವೀಸಾದ ಮೇಲೆ ಬಂದ ಕೂಲಿಗಳು ದುಡಿಯುತ್ತಾರೆ. ಅವರಿಗೆ ಈ ಕೆಲಸದ ಆಚೆ ಪುಸ್ತಕವೂ ಇಲ್ಲ, ಪದವಿಯೂ ಇಲ್ಲ. ಅವರ ಬೆವರನ್ನು ಯಾವ ಭಾಷಣಕಾರನೂ ಹೊಗಳಿದ್ದನ್ನು ನಾವು ಕೇಳಿಲ್ಲ.

ಮೋಸವಿರುವುದು ಇಲ್ಲಿಯೇ. ಹುಡುಗನ ಶ್ರಮವನ್ನು ಹೊಗಳುವವರು ಫೀಸಿನ ಮಾತು ಬಂದರೆ ಬಾಯಿ ಮುಚ್ಚುತ್ತಾರೆ. ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯದಲ್ಲಿ 1976ರ ವರೆಗೆ ಆ ನಗರದ ಬಡ ಮಕ್ಕಳು ಬೋಧನಾ ಶುಲ್ಕವಿಲ್ಲದೆ ಪದವಿ ಪಡೆದರು. ಇಂದು ಆ ದೇಶದ ವಿದ್ಯಾರ್ಥಿ ಸಾಲ ಒಂದೂವರೆ ಲಕ್ಷ ಕೋಟಿ ಡಾಲರು ಮೀರಿದೆ. ಕೇಂದ್ರ ಸರ್ಕಾರದ ಕನಿಷ್ಠ ಕೂಲಿಯೋ, 2009ರಲ್ಲಿ ನಿಗದಿಯಾದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಫೀಸು ಬೆಟ್ಟದಷ್ಟು ಬೆಳೆದ ಮೇಲೆ ಹುಲ್ಲು ಕತ್ತರಿಸಿ ಅದನ್ನು ತೀರಿಸು ಎನ್ನುವುದು ಉಪದೇಶವಲ್ಲ, ಅಣಕ.

ಸಾಲ ಮಾಡಿ ಮಕ್ಕಳನ್ನು ಅಲ್ಲಿಗೆ ಕಳಿಸುವ ನಮ್ಮೂರಿನವರೂ ಒಂದು ಮಾತು ತಿಳಿದಿರಬೇಕು. ವಿದ್ಯಾರ್ಥಿ ವೀಸಾದ ಮೇಲೆ ಹೋದವನು ಪಾಠ ನಡೆಯುವ ಕಾಲದಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆ ಮೀರದಂತೆ ಕೆಲಸ ಮಾಡಬಹುದು. ಅನುಮತಿಯಿಲ್ಲದೆ ಹೊರಗೆ ಇಂಥ ದಂಧೆ ಹೂಡಿದರೆ ವೀಸಾಕ್ಕೇ ಕುತ್ತು. "ಹೋದ ಮೇಲೆ ದುಡಿದು ಸಾಲ ತೀರಿಸುತ್ತಾನೆ" ಎಂಬ ದಲ್ಲಾಳಿಯ ಮಾತು ನಂಬಿ ಮನೆಪತ್ರ ಅಡವಿಡುವ ಮುನ್ನ ಇದನ್ನು ವಿಚಾರಿಸಬೇಕು.

ದುಡಿಯುತ್ತ ಓದುವ ಹುಡುಗನಿಗೆ ನಮ್ಮ ಗೌರವ ಸಲ್ಲುತ್ತದೆ. ಆದರೆ ದುಡಿಮೆ ಅವನ ಆಯ್ಕೆಯಾಗಿರಬೇಕು, ಓದಿಗೆ ತೆರುವ ಕಪ್ಪವಾಗಬಾರದು. ನಮ್ಮ ಜಿಲ್ಲೆಯಲ್ಲಿಯೂ ಹಗಲು ಅಂಗಡಿಯಲ್ಲಿ ಪೊಟ್ಟಣ ಕಟ್ಟಿ, ರಾತ್ರಿ ಪಾಳಿ ಮುಗಿಸಿ ಓದುವ ಮಕ್ಕಳಿದ್ದಾರೆ. ಅವರಿಗೆ ಬೇಕಾದದ್ದು ಅಮೆರಿಕೆಯ ಕಥೆಯಲ್ಲ. ಕೈಗೆಟಕುವ ಫೀಸು, ಸಂಜೆಯ ತರಗತಿ, ಹೊತ್ತಿಗೆ ಬರುವ ವಿದ್ಯಾರ್ಥಿವೇತನ, ಕಾನೂನಿನಂತೆ ಸಲ್ಲಬೇಕಾದ ಕೂಲಿ ಅವರಿಗೆ ಬೇಕು. ಇನ್ನು ಮುಂದೆ ವೇದಿಕೆಯ ಮೇಲೆ ಯಾರಾದರೂ ಹುಲ್ಲು ಕತ್ತರಿಸುವ ಹುಡುಗನ ಕಥೆ ಹೇಳಿದರೆ, ಅವನ ಕಾಲೇಜಿನ ಫೀಸೆಷ್ಟು ಎಂದು ನಾವು ಎದ್ದು ಕೇಳಬೇಕು.